ಜ್ವರದವರ ಮಂಕನ್ನು ಗುರುತಿಸಿ ಆರೈಕೆ ಮಾಡುವ ಬಗೆ

ಶಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಮಳೆಗಾಲದ ಜ್ವರ ಹೊಸದಲ್ಲ. ಜ್ವರ ಬಂದವರು ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಆಯಿ ಮೂರು ಸಲ ಗಂಜಿ ತಂದಿಟ್ಟರೂ ಬೇಡವೆನ್ನುತ್ತಾರೆ, ಮಾತನಾಡಿಸಿದರೆ ಸಿಡುಕುತ್ತಾರೆ. ‘ಇಷ್ಟಕ್ಕೇ ಹೀಗೆ ಮುದುಡಿದರೆ ಹೇಗೆ, ಎದ್ದು ನಾಲ್ಕು ಹೆಜ್ಜೆ ಓಡಾಡು’ ಎಂದು ಹೇಳುವುದಕ್ಕೆ ಮೊದಲು ಈ ಮಂಕು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಆರೈಕೆ ಸುಲಭವಾಗುತ್ತದೆ. ಜ್ವರ ಬಂದ ಆಕಳು ಮೆಲುಕು ನಿಲ್ಲಿಸಿ ಕೊಟ್ಟಿಗೆಯ ಮೂಲೆಯಲ್ಲಿ ತಲೆ ತಗ್ಗಿಸಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಇದು ಬರಿಯ ನಿಶ್ಶಕ್ತಿಯಲ್ಲ, ಸೋಂಕಿನ ವಿರುದ್ಧ ಶಕ್ತಿಯನ್ನು ಉಳಿಸಿಕೊಳ್ಳಲು ದೇಹವೇ ಹೂಡುವ ವ್ಯವಸ್ಥೆ ಎಂದು ಅಮೆರಿಕದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ 1988ರಲ್ಲಿ ವಾದಿಸಿದರು.

ರೋಗಾಣುವನ್ನು ಎದುರಿಸುವ ರಕ್ಷಕ ಕೋಶಗಳು ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ಪ್ರೋಟೀನುಗಳನ್ನು ಬಿಡುತ್ತವೆ. ಈ ಸುದ್ದಿ ರಕ್ತದ ಮೂಲಕವೂ, ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಮೂಲಕವೂ ಮಿದುಳನ್ನು ಮುಟ್ಟುತ್ತದೆ. ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ದೇಹದ ಶಾಖದ ಗುರಿಯನ್ನೇ ಮೇಲಕ್ಕೇರಿಸುವುದರಿಂದ, ಮೈ ಸುಡುತ್ತಿದ್ದರೂ ಜ್ವರದವರಿಗೆ ಚಳಿಯಾಗುತ್ತದೆ. ಆಸೆ, ಹುರುಪುಗಳಿಗೆ ಬೇಕಾದ ಡೋಪಮಿನ್ನಿನ ಕೆಲಸ ಕುಗ್ಗುವುದರಿಂದ ಇಷ್ಟದ ತಿಂಡಿಯೂ ರುಚಿಸುವುದಿಲ್ಲ.

ನರಗಳೂ ಸುಮ್ಮನೆ ಸುದ್ದಿ ಕೇಳುತ್ತ ಕೂರುವುದಿಲ್ಲ. ಸೂಜಿಮೆಣಸು ಹೆಚ್ಚಿದ ಮೇಲೆ ಬೆರಳು ಕೆಂಪಾಗಿ ಗಂಟೆಗಟ್ಟಲೆ ಉರಿಯುತ್ತದಲ್ಲ, ಅಲ್ಲಿ ಗಾಯವೂ ಇಲ್ಲ, ರೋಗಾಣುವೂ ಇಲ್ಲ. ಮೆಣಸಿನ ಖಾರಕ್ಕೆ ಕೆರಳಿದ ನೋವಿನ ನರಗಳ ತುದಿಗಳು ಸಬ್‌ಸ್ಟೆನ್ಸ್ ಪಿ ಮೊದಲಾದ ರಾಸಾಯನಿಕಗಳನ್ನು ಬಿಟ್ಟು ರಕ್ತನಾಳಗಳನ್ನು ಹಿಗ್ಗಿಸುತ್ತವೆ. (ಖಾರ ಎಣ್ಣೆಯಲ್ಲಿ ಕರಗುವುದರಿಂದ, ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ಅನಂತರ ಸಾಬೂನಿನಿಂದ ತೊಳೆಯುವುದು ಒಳ್ಳೆಯದು.) ಹೀಗೆ ಕೆಂಪಾಗಿ ಉರಿಯುವ ಉರಿಯೂತವನ್ನು ತಗ್ಗಿಸುವ ನರಗಳೂ ಇವೆ. 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ, ವೇಗಸ್ ನರ ಒಂದು ರಾಸಾಯನಿಕದ ಮೂಲಕ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ ಎಂದು ತೋರಿಸಿದರು, ಅದೇ ಅಸಿಟೈಲ್‌ಕೋಲಿನ್. ಇದೇ ನರಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟರೆ ಇಲಿಗಳಲ್ಲಿ ಟಿಎನ್‌ಎಫ್ ಕಡಿಮೆಯಾಗುತ್ತದೆ ಎಂಬುದನ್ನು 2000ದಲ್ಲಿ ಅಮೆರಿಕದ ವೈದ್ಯ ವಿಜ್ಞಾನಿ ಕೆವಿನ್ ಟ್ರೇಸಿಯವರ ತಂಡ ಪ್ರಕಟಿಸಿತು. ಗುಲ್ಮದಲ್ಲಿ ನರದ ತುದಿಯಿಂದ ಹೊರಟ ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕ, ರಕ್ಷಕ ಕೋಶಗಳಲ್ಲೇ ಒಂದು ಬಗೆಯಾದ ಕೆಲವು ಟಿ ಕೋಶಗಳಿಂದ ಅಸಿಟೈಲ್‌ಕೋಲಿನ್ ಬಿಡಿಸುತ್ತದೆ, ಅದು ಟಿಎನ್‌ಎಫ್ ಬಿಡುವ ರಕ್ಷಕ ಕೋಶಗಳ ಅಬ್ಬರವನ್ನು ಇಳಿಸುತ್ತದೆ. ಇದನ್ನೇ ಹಿಡಿದು, ಮುಖಕ್ಕೆ ತಣ್ಣೀರು ಎರಚಿದರೆ ಅಥವಾ ದೀರ್ಘವಾಗಿ ಉಸಿರಾಡಿದರೆ ವೇಗಸ್ ನರ ಚುರುಕಾಗಿ ಜ್ವರ ಇಳಿಯುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಲಗಿದವರನ್ನು ಎಬ್ಬಿಸಿ ಪ್ರಾಣಾಯಾಮ ಮಾಡಿಸಬೇಕಾಗಿಲ್ಲ.

ಆದ್ದರಿಂದ ಅವರನ್ನು ಮಲಗಲು ಬಿಡಬೇಕು. ಚಳಿ ಎಂದಾಗ ಹೊದಿಕೆ ಕೊಟ್ಟು, ಬೆವರಲು ತೊಡಗಿದಾಗ ತೆಗೆಯಬೇಕು. ಊಟಕ್ಕೆ ಒತ್ತಾಯ ಬೇಡ, ಆದರೆ ನೀರಿನ ವಿಷಯದಲ್ಲಿ ರಿಯಾಯಿತಿ ಸಲ್ಲದು: ಉಪ್ಪು ಹಾಕಿದ ಗಂಜಿತಿಳಿಯನ್ನೋ ಎಳನೀರನ್ನೋ ಸ್ವಲ್ಪಸ್ವಲ್ಪವಾಗಿ ಮತ್ತೆ ಮತ್ತೆ ಕುಡಿಸಬೇಕು. ಪ್ಯಾರಾಸಿಟಮಾಲ್ ಜ್ವರವನ್ನೂ ಮೈಕೈ ನೋವನ್ನೂ ಇಳಿಸುತ್ತದೆ. ದೊಡ್ಡವರಿಗೆ 500 ಮಿಲಿಗ್ರಾಮಿನ ಮಾತ್ರೆಯ ನಡುವೆ 4ರಿಂದ 6 ಗಂಟೆಯ ಅಂತರವಿರಬೇಕು, ಯಕೃತ್ತಿನ ತೊಂದರೆ ಅಥವಾ ಕುಡಿತದ ಅಭ್ಯಾಸವಿದ್ದರೆ ಮೊದಲು ವೈದ್ಯರನ್ನು ಕೇಳಬೇಕು. ಡೆಂಗೆ ಮತ್ತು ಮಂಗನ ಕಾಯಿಲೆ ಎರಡೂ ಇರುವ ನಮ್ಮ ಜಿಲ್ಲೆಯಲ್ಲಿ, ರಕ್ತಸ್ರಾವದ ಅಪಾಯವಿರುವುದರಿಂದ, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ಕೊಡಲೇಬಾರದು.

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಹೊತ್ತು, ಜ್ವರದ ಅಂಕಿ, ಕುಡಿದದ್ದು, ಮೂತ್ರ ಹೋದದ್ದು ಇಷ್ಟನ್ನು ಬರೆದಿಡಿ. ಜೊತೆಗೆ ‘ಏನು ಕೇಳಿದರು’ ಎಂಬ ಒಂದು ಸಾಲು ಇರಲಿ. ಅಪ್ಪಯ್ಯ ತಾವಾಗಿ ಪೇಪರ್ ಬಂತೇ ಎಂದು ವಿಚಾರಿಸಿದರೆ, ಉಪ್ಪಿನಕಾಯಿ ಬೇಕೆಂದರೆ, ಮಂಕು ಇಳಿಯುತ್ತಿದೆ ಎಂದು ತಿಳಿಯಬಹುದು, ಅದು ಬರೆದಿಡಬೇಕಾದ ಸುದ್ದಿಯೇ. ಮುಖ್ಯವಾಗಿ, ಮಂಕು ಬೇರೆ, ಗೊಂದಲ ಬೇರೆ. ಮಂಕಾದವರು ಸಿಡುಕುತ್ತಲಾದರೂ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಇದು ಯಾವ ವಾರ, ಎದುರಿಗಿರುವವರು ಯಾರು ಎಂಬುದೇ ತಪ್ಪಿದರೆ ಅದನ್ನು ಜ್ವರದ ಮಂಕು ಎಂದು ತಳ್ಳಿಹಾಕಬಾರದು. ಗೊಂದಲ, ಏದುಸಿರು, ರಕ್ತಸ್ರಾವ, ನಿಲ್ಲದ ವಾಂತಿ, ತೀವ್ರ ಹೊಟ್ಟೆನೋವು, ಮೂತ್ರ ತೀರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಡೆಂಗೆಯಲ್ಲಿ ಜ್ವರ ಇಳಿದ ಹೊತ್ತೇ ಅಪಾಯದ ಹೊತ್ತಾಗಬಹುದು. ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದ್ದರೆ ಇಲಿಜ್ವರದ ದೃಷ್ಟಿಯಿಂದ, ಬೇಸಿಗೆಯಲ್ಲಿ ಸೊಪ್ಪು, ದರಕು ತರಲು ಬೆಟ್ಟಕ್ಕೆ ಹೋಗಿದ್ದರೆ ಮಂಗನ ಕಾಯಿಲೆ ಹರಡುವ ಉಣುಗಿನ ದೃಷ್ಟಿಯಿಂದ, ಅದನ್ನು ವೈದ್ಯರಿಗೆ ಕೇಳದೆಯೇ ಹೇಳಿಬಿಡಿ.

ಜ್ವರ ಬಿಟ್ಟರೂ ಸುಸ್ತು ಕೆಲವು ದಿನ ಉಳಿಯುತ್ತದೆ, ಅಲ್ಲಿಯವರೆಗೆ ಮರ ಹತ್ತುವ ಕೆಲಸ ಬೇಡ. ಮಂಗನ ಕಾಯಿಲೆಯಾದ ಕೆಲವರಲ್ಲಿ ಮೊದಲ ಜ್ವರ ಇಳಿದು ಒಂದೆರಡು ವಾರದ ಮೇಲೆ ಜ್ವರವೂ ತಲೆನೋವೂ ಮರಳಿ ಬಂದು, ಆ ಸಲ ಮನಸ್ಸಿನ ಗೊಂದಲವೂ ಸೇರಿಕೊಳ್ಳುವುದುಂಟು. ಆದ್ದರಿಂದ ಬರೆದಿಟ್ಟ ಹಾಳೆಯನ್ನು ಒಂದು ತಿಂಗಳಾದರೂ ಗೋಡೆಯ ಮೊಳೆಗೆ ಸಿಕ್ಕಿಸಿಯೇ ಇಟ್ಟಿರಿ.