ಗುದ್ದಿದ ಗಾಡಿಯ ನಂಬರ್ ಇಲ್ಲದೆ ಪರಿಹಾರ ಪಡೆದ ನನ್ನ ಅನುಭವ

ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬಿದ್ದ ಒಂದು ಸಾಲಿನಿಂದ ನಮಗೆ ಬರಬೇಕಾದ ಪರಿಹಾರ ಕೈತಪ್ಪುವುದರಲ್ಲಿತ್ತು. "ಬೈಕಿನಿಂದ ಜಾರಿ ಬಿದ್ದು ಗಾಯ." ಹಾಗೆ ಬರೆಸಿದ್ದು ನಮ್ಮ ಮನೆ ಮಂದಿಯೇ.

ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ನಮ್ಮ ಮನೆಯವರು ಸೀರೆ ನೇಯುತ್ತಾರೆ, ನಾನು ಕಂಡಕಿ ಸುತ್ತುತ್ತೇನೆ. 2024ರ ಡಿಸೆಂಬರ್‌ನಲ್ಲಿ ಒಂದು ದಿನ ಅವರು ಜಮಖಂಡಿಗೆ ಹೋಗಿ, ರಾತ್ರಿ ಏಳೂವರೆ ಸುಮಾರಿಗೆ ಟಿವಿಎಸ್ ಎಕ್ಸೆಲ್ ಮೇಲೆ ವಾಪಸ್ ಬರುತ್ತಿದ್ದರು. ಕಬ್ಬಿನ ಸೀಸನ್. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಸ್ತೆ ತುಂಬಾ. ಅಂಥ ಒಂದು ಟ್ರ್ಯಾಕ್ಟರ್ ಹಿಂದೆ ಇವರು ನಿಧಾನವಾಗಿ ಬರುತ್ತಿದ್ದಾಗ ಹಿಂದಿನಿಂದ ಒಂದು ಗೂಡ್ಸ್ ಗಾಡಿ ಗುದ್ದಿತು. ಒಂದು ಗಳಿಗೆಯೂ ನಿಲ್ಲಲಿಲ್ಲ. ಪಕ್ಕದ ಹೊಲದಲ್ಲಿ ಕಬ್ಬು ಹೇರುತ್ತಿದ್ದ ಗ್ಯಾಂಗಿನವರು ಓಡಿ ಬಂದು ಇವರನ್ನು ಟಂಟಂನಲ್ಲಿ ಹಾಕಿ ಕಳಿಸಿದರು. ಬಲಗಾಲಿನ ಮೊಣಕಾಲ ಕೆಳಗೆ ಎರಡೂ ಎಲುಬು ಮುರಿದಿದ್ದವು.

ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ನನ್ನ ಮೈದುನ ಅಲ್ಲಿದ್ದ. ಡಾಕ್ಟರು "ಹೆಂಗಾತು?" ಎಂದು ಕೇಳಿದಾಗ ಯಾರೋ ಪಕ್ಕದಲ್ಲಿ ನಿಂತವರು ಅವನ ಕಿವಿಯಲ್ಲಿ ಹೇಳಿದರಂತೆ: "ಆಕ್ಸಿಡೆಂಟ್ ಅಂದ್ರ ಪೊಲೀಸ್ ಕೇಸ್ ಆಗತೈತಿ, ಸ್ಟೇಷನ್ನಿಗೆ ಅಲೆದಾಡಬೇಕಾಗತೈತಿ, ಸುಮ್ನ ಜಾರಿ ಬಿದ್ರು ಅಂತ ಹೇಳು." ಅವನಿಗೆ ಇಪ್ಪತ್ತೆರಡು ವರ್ಷ. ಅಣ್ಣನ ಕಾಲು ನೋಡಿ ಗಾಬರಿಯಾಗಿದ್ದ. ಹಾಗೇ ಹೇಳಿದ. ಅದು ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸ್ ಕೇಸಿಗೆ ಸಂಬಂಧಪಡಬಹುದಾದ ಗಾಯಗಳನ್ನು ಆಸ್ಪತ್ರೆಯವರು ಬರೆದಿಡುವ ಪುಸ್ತಕದಲ್ಲಿ ಬಂತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಹಾಗೆ ಹೇಳಿಕೊಟ್ಟವರಿಗೂ ಬಹುಶಃ ಇದರ ಪರಿಣಾಮ ಗೊತ್ತಿರಲಿಲ್ಲ. ಆದರೆ ಇದು ನಮ್ಮ ಕಡೆ ದಿನಾ ನಡೆಯುತ್ತಿದೆ ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಪರೇಷನ್ ಖಾಸಗಿ ಆಸ್ಪತ್ರೆಯಲ್ಲಾಯಿತು. ಕಾಲಿಗೆ ರಾಡ್ ಹಾಕಿದರು. ಎಲ್ಲ ಸೇರಿ 1,10,000 ರೂಪಾಯಿ. ತವರಿನವರು ಹಾಕಿದ್ದ ಬೋರಮಾಳ ಅಡವಿಟ್ಟೆ. ಮಗ್ಗ ಎರಡೂ ನಿಂತವು. ಹಗಲು ರಾತ್ರಿ ಖಟ್ ಖಟ್ ಅನ್ನುವ ಮನೆಯಲ್ಲಿ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಆರನೇ ದಿನ ನಾನೇ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆ. "ಆರು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದರು. ಅದು ಕೇಳಬೇಕಾದ ಪ್ರಶ್ನೆಯೇ. ಆಪರೇಷನ್ ಇತ್ತು, ಗಂಡನ ಹತ್ತಿರ ಬೇರೆ ಯಾರೂ ಇರಲಿಲ್ಲ ಎಂದೆ. ಅದನ್ನೇ ದೂರಿನಲ್ಲಿ ಬರೆಯಿರಿ ಎಂದು ಒಬ್ಬ ಹೆಡ್ ಕಾನ್‌ಸ್ಟೇಬಲ್ ಹೇಳಿದರು. ಒಳ್ಳೆಯ ಮಾತು ಹೇಳಿದರು. ತಡ ಯಾಕಾಯಿತು ಎಂಬ ಕಾರಣ ದೂರಿನಲ್ಲೇ ಇರಬೇಕು. ಆಮೇಲೆ ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ದೂರಿನಲ್ಲಿ "ಅಪರಿಚಿತ ವಾಹನ ಗುದ್ದಿ, ನಿಲ್ಲಿಸದೆ ಹೋಗಿದೆ" ಎಂದು ಸ್ಪಷ್ಟವಾಗಿ ಬರೆಸಿದೆ. ಎಫ್‌ಐಆರ್ ಆಯಿತು. ದೂರು ಕೊಟ್ಟವರಿಗೆ ಅದರ ಪ್ರತಿ ಪುಕ್ಕಟೆ ಕೊಡಬೇಕು. ಕೇಳಿ ತೆಗೆದುಕೊಂಡೆ.

ಸ್ಥಳ ಪಂಚನಾಮೆಗೆ ನಾನೂ ಹೋಗಿದ್ದೆ. ರಸ್ತೆ ಬದಿಯ ಒಣ ಹುಲ್ಲಿನಲ್ಲಿ ಎಕ್ಸೆಲ್‌ನ ಹಿಂದಿನ ದೀಪದ ಕೆಂಪು ಚೂರು ಬಿದ್ದಿದ್ದವು. ಅದರ ಪಕ್ಕ ಕಿತ್ತಳೆ ಬಣ್ಣದ ಇನ್ನೊಂದು ಚೂರು. ಅದು ನಮ್ಮ ಗಾಡಿಯದಲ್ಲ. ಪೊಲೀಸರು ಅದನ್ನು ಚೀಲದಲ್ಲಿ ಹಾಕಿ ಬರೆದುಕೊಂಡರು. ಜಾರಿ ಬಿದ್ದ ಗಾಡಿಯ ಹಿಂದಿನ ದೀಪ ಒಡೆಯುವುದಿಲ್ಲ. ಈ ಮಾತು ಮುಂದೆ ನಾನು ಹತ್ತು ಕಡೆ ಹೇಳಿದ್ದೇನೆ. ಎಕ್ಸೆಲ್ ಅನ್ನು ರಿಪೇರಿಗೆ ಕೊಡದೆ ಹಾಗೇ ಇಟ್ಟಿದ್ದೇ ಒಳ್ಳೆಯದಾಯಿತು. ಹಿಂದಿನ ಮಡ್‌ಗಾರ್ಡ್ ಒಳಗೆ ಮಡಚಿಕೊಂಡಿತ್ತು, ಅದರ ಫೋಟೋ ಫೈಲಿಗೆ ಹೋಯಿತು.

ದಾರಿಯ ಪೆಟ್ರೋಲ್ ಬಂಕಿನ ಕ್ಯಾಮೆರಾ ನೋಡಿದರು. ಆ ಹೊತ್ತಿನಲ್ಲಿ ಗೂಡ್ಸ್ ಗಾಡಿಗಳು ಬಹಳ ಹೋಗಿದ್ದವು. ಹೆಡ್‌ಲೈಟ್ ಬೆಳಕಿಗೆ ಒಂದರ ನಂಬರೂ ಕಾಣಲಿಲ್ಲ.

ಈ ನಡುವೆ ವಿಮಾ ಕಂಪನಿಯ ಆಫೀಸಿಗೆ ಹೋದೆ. ಎಕ್ಸೆಲ್‌ಗೆ ವರ್ಷಾ ವರ್ಷಾ ದುಡ್ಡು ಕಟ್ಟಿದ್ದೇವೆ, ಏನಾದರೂ ಬರುತ್ತದೆ ಎಂಬ ಆಸೆ. ನಮ್ಮದು ಥರ್ಡ್ ಪಾರ್ಟಿ ಪಾಲಿಸಿ. ನಮ್ಮಿಂದ ಬೇರೆಯವರಿಗೆ ಆದ ಹಾನಿಗೆ ಅದು, ನಮ್ಮ ಗಾಡಿಯ ರಿಪೇರಿಗಲ್ಲ. ಅದೇ ಪಾಲಿಸಿಯಲ್ಲಿ ಮಾಲೀಕರೇ ಓಡಿಸುತ್ತಿದ್ದರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಇತ್ತು. ಅದು ಸಾವು, ಕೈಕಾಲು ಇಲ್ಲವೇ ಕಣ್ಣು ಕಳೆದುಕೊಳ್ಳುವುದು, ಶಾಶ್ವತವಾದ ಪೂರ್ಣ ಅಂಗವಿಕಲತೆ, ಇಷ್ಟಕ್ಕೇ. ಮುರಿದ ಎಲುಬಿಗೆ ಅದರಿಂದ ಏನೂ ಇಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಸುರಕ್ಷಾ ಬಿಮಾ ಯೋಜನೆಯೂ ಹಾಗೇ. ಆಫೀಸಿನವರು ಮರ್ಯಾದೆಯಿಂದಲೇ ತಿಳಿಸಿದರು: "ಗುದ್ದಿದ ಗಾಡಿ ಸಿಕ್ಕರ ಆ ಗಾಡಿ ಇನ್ಶೂರೆನ್ಸ್ ಮ್ಯಾಲೆ ಕ್ಲೇಮ್ ಹಾಕ್ರಿ ಅಕ್ಕಾರ. ನಂಬರ್ ಇಲ್ಲಂದ್ರ ನಮ್ಮ ಕೈಯಾಗ ಏನೂ ಇಲ್ರಿ."

ಅವತ್ತು ಬಸ್ಸಿನಲ್ಲಿ ಅಳುತ್ತಾ ಬಂದೆ.

ದಾರಿ ತೋರಿಸಿದ್ದು ಜಮಖಂಡಿ ಕೋರ್ಟಿನ ಕಾನೂನು ಸೇವಾ ಸಮಿತಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ಕಾನೂನು ನೆರವು ಸಿಗುತ್ತದೆ. ಹೋಗಲು ಆಗದವರು 15100ಕ್ಕೆ ಫೋನ್ ಮಾಡಬಹುದು. ಅಲ್ಲಿದ್ದ ವಕೀಲರು ನನ್ನ ಎಫ್‌ಐಆರ್ ಓದಿ, "ಅಕ್ಕಾರ, ಗಾಡಿ ಸಿಗದವರಿಗೇ ಒಂದು ಯೋಜನೆ ಐತ್ರಿ. ಇದಕ್ಕ ಕೋರ್ಟಿಗೆ ಬರೂದೂ ಬ್ಯಾಡ, ವಕೀಲರೂ ಬ್ಯಾಡ" ಎಂದರು.

ಅವರು ತಿಳಿಸಿದ್ದು ಹೀಗೆ. ಗುದ್ದಿ ಓಡಿಹೋದ ವಾಹನದ ಅಪಘಾತಕ್ಕೆ ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ ಹೊಸ ಪರಿಹಾರ ಯೋಜನೆ ಜಾರಿಗೆ ತಂದಿದೆ. ಸತ್ತರೆ ಮನೆಯವರಿಗೆ 2 ಲಕ್ಷ, ತೀವ್ರ ಗಾಯವಾದರೆ 50,000. ಮೊದಲು ಇದು 25,000 ಮತ್ತು 12,500 ಇತ್ತು. ದುಡ್ಡು ಕೊಡುವುದು ಜನರಲ್ ಇನ್ಶೂರೆನ್ಸ್ ಕೌನ್ಸಿಲ್, ಅಂದರೆ ವಿಮಾ ಕಂಪನಿಗಳೆಲ್ಲ ಸೇರಿದ ಮಂಡಳಿ. ಆದರೆ ಅರ್ಜಿ ಹಾಕುವುದು ಯಾವ ಕಂಪನಿಗೂ ಅಲ್ಲ. ಕಂದಾಯ ಇಲಾಖೆಗೆ. ಉಪವಿಭಾಗಾಧಿಕಾರಿ ಇಲ್ಲವೇ ತಹಶೀಲ್ದಾರರು ವಿಚಾರಣೆ ಮಾಡುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. ನಾನು ಇಷ್ಟು ದಿನ ತಪ್ಪು ಬಾಗಿಲು ಬಡಿಯುತ್ತಿದ್ದೆ.

ಇನ್ನೊಂದು ಮಾತೂ ಹೇಳಿದರು. ಎಫ್‌ಐಆರ್ ಆಗಿ ಒಂದು ತಿಂಗಳಲ್ಲಿ ಗಾಡಿಯ ವಿವರ ಸಿಗದಿದ್ದರೆ, ಇಂಥ ಯೋಜನೆ ಇದೆ, ಇಂಥ ಅಧಿಕಾರಿಗೆ ಅರ್ಜಿ ಹಾಕಿ ಎಂದು ಪೊಲೀಸರೇ ಗಾಯಾಳುವಿಗೆ ಬರವಣಿಗೆಯಲ್ಲಿ ತಿಳಿಸಬೇಕು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಾಗೆ ಆದೇಶ ಮಾಡಿದೆ. ನಮಗೆ ಅಂಥ ಪತ್ರ ಬಂದಿರಲಿಲ್ಲ. ಬಂದಿದ್ದರೆ ನನಗೆ ಎರಡು ತಿಂಗಳ ಅಲೆದಾಟ ತಪ್ಪುತ್ತಿತ್ತು. ನಿಮಗೂ ಬರದಿದ್ದರೆ ಸ್ಟೇಷನ್ನಿನಲ್ಲಿ ಈ ಆದೇಶದ ಹೆಸರು ಹೇಳಿ ಕೇಳಿ. ನಾನು ಕೇಳಿದ ಮೇಲೆ ಕೊಟ್ಟರು.

ಅರ್ಜಿ ದೊಡ್ಡದೇನಲ್ಲ. ಫಾರ್ಮ್ 1, ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಕಾಗದಗಳು, ಆಧಾರ್, ಪಾಸ್‌ಬುಕ್, ಮತ್ತು ಒಂದು ಮುಚ್ಚಳಿಕೆ. ಮುಂದೆ ಗಾಡಿ ಸಿಕ್ಕು ಬೇರೆ ಕಾನೂನಿನಡಿ ಪರಿಹಾರ ಬಂದರೆ ಈ ಹಣ ವಾಪಸ್ ಕೊಡುತ್ತೇವೆ ಎಂಬ ಮುಚ್ಚಳಿಕೆ ಅದು. ಕಷ್ಟ ಇದ್ದದ್ದು ಗಾಯದ ಪ್ರಮಾಣಪತ್ರದಲ್ಲಿ. ಎಲ್ಲರೂ ಅದನ್ನು ವುಂಡ್ ಸರ್ಟಿಫಿಕೇಟ್ ಅನ್ನುತ್ತಾರೆ.

ಅದರಲ್ಲಿ ಗಾಯವನ್ನು ಸಿಂಪಲ್ (ಸಾಧಾರಣ) ಅಥವಾ ಗ್ರೀವಿಯಸ್ (ತೀವ್ರ) ಎಂದು ಬರೆಯುತ್ತಾರೆ. ಆ ಒಂದು ಶಬ್ದದ ಮೇಲೆ 50,000 ನಿಂತಿದೆ. ಸಿಂಪಲ್ ಎಂದಿದ್ದರೆ ಈ ಯೋಜನೆಯಲ್ಲಿ ಒಂದು ರೂಪಾಯಿಯೂ ಇಲ್ಲ. ಎಲುಬು ಮುರಿದರೆ ಕಾನೂನಿನ ಪ್ರಕಾರ ಅದು ಗ್ರೀವಿಯಸ್ಸೇ. ಆದರೆ ಮೊದಲ ಆಸ್ಪತ್ರೆಯಲ್ಲಿ ಗಾಯ ತೊಳೆದು, ಪಟ್ಟಿ ಕಟ್ಟಿ, ಎಕ್ಸ್‌ರೇ ಆಗುವ ಮೊದಲೇ ಮುಂದೆ ಕಳಿಸಿದ್ದರು. ಅವರು ತಾವು ನೋಡಿದ್ದನ್ನಷ್ಟೇ ಬರೆದಿದ್ದರು: ತರಚು ಗಾಯ, ಬಾವು, ಸಿಂಪಲ್. ಎಲುಬು ಮುರಿದದ್ದು ಗೊತ್ತಾಗಿದ್ದು ಎರಡನೇ ಆಸ್ಪತ್ರೆಯಲ್ಲಿ. ಪೊಲೀಸರು ಪತ್ರ ಬರೆದು ಕೇಳಿದ್ದು ಮೊದಲ ಆಸ್ಪತ್ರೆಯನ್ನು ಮಾತ್ರ.

ಇದು ಗೊತ್ತಾಗಿದ್ದೂ ಆಕಸ್ಮಿಕವಾಗಿ. ಪ್ರಮಾಣಪತ್ರದ ಪ್ರತಿ ಕೈಗೆ ಬಂದಾಗ ಇಂಗ್ಲಿಷ್ ಓದಲು ಬರುವ ಮಗಳಿಗೆ ಕೊಟ್ಟೆ. ಎಂಟನೇ ತರಗತಿ. "ಅವ್ವಾ, ಇದರಾಗ ಫ್ರ್ಯಾಕ್ಚರ್ ಅಂತ ಎಲ್ಲೂ ಇಲ್ಲಲ್ಲ" ಎಂದಳು. ಮಾರನೆಯ ದಿನವೇ ಎಕ್ಸ್‌ರೇ ಫಿಲ್ಮ್, ಡಿಸ್ಚಾರ್ಜ್ ಸಮ್ಮರಿ ಹಿಡಿದು ಸ್ಟೇಷನ್ನಿಗೆ ಹೋದೆ. ಆಪರೇಷನ್ ಮಾಡಿದ ಆಸ್ಪತ್ರೆಗೂ ಪತ್ರ ಬರೆಯಿರಿ ಎಂದು ಅರ್ಜಿ ಕೊಟ್ಟೆ, ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಅಲ್ಲಿಂದ ಬಂದ ಪ್ರಮಾಣಪತ್ರದಲ್ಲಿ ಗ್ರೀವಿಯಸ್ ಎಂದಿತ್ತು. ಕೇಸಿನಲ್ಲಿ ಸಾಧಾರಣ ಗಾಯದ ಕಲಂ 125(ಎ) ಇದ್ದದ್ದು ತೀವ್ರ ಗಾಯದ 125(ಬಿ) ಆಯಿತು.

ಉಳಿದದ್ದು "ಜಾರಿ ಬಿದ್ದು" ಎಂಬ ಸಾಲು. ಅದನ್ನು ಅಳಿಸಲು ಬರುವುದಿಲ್ಲ. ಡಾಕ್ಟರ ಹತ್ತಿರ ಹೋಗಿ ತಿದ್ದಿಕೊಡಿ ಎಂದು ಕೇಳಬೇಡಿ, ಅದು ತಪ್ಪು, ಅವರಿಗೂ ತೊಂದರೆ. ಅದರ ಎದುರಿಗೆ ಬೇರೆ ಸಾಕ್ಷಿ ನಿಲ್ಲಿಸಬೇಕು. ಮೈದುನ ಪೊಲೀಸರ ಮುಂದೆ ಹೇಳಿಕೆ ಕೊಟ್ಟ: ಗಾಬರಿಯಲ್ಲಿ ಹಾಗೆ ಹೇಳಿದೆ, ನಾನು ಅಪಘಾತ ನೋಡಿಲ್ಲ. ನಮ್ಮ ಮನೆಯವರೂ ಹೇಳಿಕೆ ಕೊಟ್ಟರು. ಆದರೆ ಎಲ್ಲರೂ ಮನೆಯವರೇ ಆದರೆ ಯಾರು ನಂಬುತ್ತಾರೆ?

ನೋಡಿದವರು ಆ ಕಬ್ಬಿನ ಗ್ಯಾಂಗಿನವರು. ಆಗಲೇ ಫೆಬ್ರವರಿ ನಡೆದಿತ್ತು. ಕಾರ್ಖಾನೆ ನಿಂತರೆ ಗ್ಯಾಂಗು ಊರಿಗೆ ಹೋಗಿಬಿಡುತ್ತದೆ, ಮುಂದಿನ ಸೀಸನ್ನಿಗೆ ಅವರೇ ಬರುತ್ತಾರೆ ಎಂಬ ಖಾತ್ರಿ ಇಲ್ಲ. ಆ ಹೊಲದ ಮಾಲೀಕರನ್ನು ಕೇಳಿದೆ. ಅವರು ಕಾರ್ಖಾನೆಯ ಸ್ಲಿಪ್ ನೋಡಿ ಯಾವ ಟ್ರ್ಯಾಕ್ಟರ್, ಯಾವ ಮುಕಾದಮ (ಗ್ಯಾಂಗಿನ ಮುಖಂಡ) ಎಂದು ಹೇಳಿದರು. ಮೂರು ಊರು ತಿರುಗಿ ಗುಡಿಸಲುಗಳ ಹತ್ತಿರ ಹೋದಾಗ ಸಂಜೆ ಒಲೆ ಹಚ್ಚುತ್ತಿದ್ದರು. ಒಬ್ಬ ಹೆಣ್ಣುಮಗಳು ನನ್ನನ್ನು ನೋಡಿ ಕೇಳಿದ ಮೊದಲ ಮಾತು, "ಅವರು ಬದುಕ್ಯಾರೇನ್ರಿ?" ಇವರ ತಲೆಯನ್ನು ತನ್ನ ತೊಡೆ ಮೇಲೆ ಇಟ್ಟುಕೊಂಡು ಟಂಟಂ ಬರುವವರೆಗೆ ಕೂತಿದ್ದಳಂತೆ. ಅವಳ ಗಂಡ ಬಿಳಿ ಬಣ್ಣದ ಗೂಡ್ಸ್ ಗಾಡಿ ಗುದ್ದಿ ಹೋಗಿದ್ದನ್ನು ಕಣ್ಣಾರೆ ಕಂಡಿದ್ದ. ಒಂದು ದಿನದ ಕೂಲಿ ಬಿಟ್ಟು ಸ್ಟೇಷನ್ನಿಗೆ ಬಂದು ಹೇಳಿಕೆ ಕೊಟ್ಟ. ಆ ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಸಾಕ್ಷಿಗೆ ದುಡ್ಡು ಕೊಡಬಾರದು ಎಂಬುದು ನನಗೆ ಆಗ ಹೊಳೆದಿರಲಿಲ್ಲ, ಅವನಿಗೆ ಹೊಳೆದಿತ್ತು.

ಮಾರ್ಚ್‌ನಲ್ಲಿ ವಾಹನ ಪತ್ತೆಯಾಗಿಲ್ಲ ಎಂದು ಪೊಲೀಸರು ಕೋರ್ಟಿಗೆ ಸಿ ರಿಪೋರ್ಟ್ ಹಾಕಿದರು. ಕೇಳಿದವರು ಅಯ್ಯೋ ಕೇಸ್ ಮುಚ್ಚಿಬಿಟ್ಟರಲ್ಲ ಎಂದರು. ನಮಗೆ ಆ ವರದಿಯೇ ಆಧಾರವಾಯಿತು. ಗಾಡಿ ಗುದ್ದಿದ್ದು ನಿಜ, ಗಾಡಿ ಸಿಕ್ಕಿಲ್ಲ ಎನ್ನುವುದನ್ನು ಪೊಲೀಸರೇ ಬರೆದುಕೊಟ್ಟಂತೆ. ಬಿ ರಿಪೋರ್ಟ್ ಬೇರೆ, ಅದು ಕೇಸೇ ಸುಳ್ಳು ಎಂದು ಹಾಕುವುದು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಏಪ್ರಿಲ್ ಕೊನೆಯಲ್ಲಿ ಜಮಖಂಡಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಕಾಗದದ ಮೇಲೆ ಲೆಕ್ಕ ಹೀಗಿದೆ: ವಿಚಾರಣಾ ವರದಿಗೆ ಒಂದು ತಿಂಗಳು, ಜಿಲ್ಲಾಧಿಕಾರಿ ಮಂಜೂರಾತಿಗೆ 15 ದಿನ, ಹಣ ಜಮಾ ಆಗಲು 15 ದಿನ. ನಮ್ಮದು ಮೂರೂವರೆ ತಿಂಗಳು ಹಿಡಿಯಿತು. ಅದರಲ್ಲಿ ಜಾಸ್ತಿ ದಿನ ಹೋಗಿದ್ದು ಹೆಸರಿನ ವಿಷಯಕ್ಕೆ. ಆಧಾರ್‌ನಲ್ಲಿ ಅಡ್ಡಹೆಸರು ಇದೆ, ಪಾಸ್‌ಬುಕ್‌ನಲ್ಲಿ ತಂದೆಯ ಹೆಸರು. ನಮ್ಮ ಕಡೆ ಮನೆಮನೆಗೂ ಇದೇ ಪಾಡು. ಇಬ್ಬರೂ ಒಬ್ಬರೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಕೊಟ್ಟೆವು. ಎರಡು ವರ್ಷ ವ್ಯವಹಾರ ಇಲ್ಲದೆ ಖಾತೆಯೂ ನಿಂತುಹೋಗಿತ್ತು, ಕೆವೈಸಿ ಮಾಡಿಸಿ ಚಾಲೂ ಮಾಡಿಸಿದೆವು. ಇವೆರಡನ್ನೂ ಅರ್ಜಿ ಹಾಕುವ ಮೊದಲೇ ನೋಡಿಕೊಂಡರೆ ಒಂದು ತಿಂಗಳು ಉಳಿಯುತ್ತದೆ. ಆಗಸ್ಟ್ ಎರಡನೇ ವಾರ ಬಾಗಲಕೋಟೆ ನವನಗರದ ಜಿಲ್ಲಾಧಿಕಾರಿ ಕಚೇರಿಯ ಆದೇಶದ ಪ್ರಕಾರ 50,000 ಖಾತೆಗೆ ಬಂತು. ಮಧ್ಯೆ ಯಾರಿಗೂ ಒಂದು ಪೈಸೆ ಕೊಟ್ಟಿಲ್ಲ.

ಖರ್ಚಾಗಿದ್ದರ ಅರ್ಧವೂ ಅಲ್ಲ, ನಿಜ. ಬೋರಮಾಳ ಇನ್ನೂ ಬ್ಯಾಂಕಿನಲ್ಲೇ ಇದೆ. ಬಡ್ಡಿ ಕಟ್ಟಿ, ನೂಲು ತಂದು, ಒಂದು ಮಗ್ಗ ಶುರು ಮಾಡಿದೆವು. ಅವರು ಈಗ ಕುಂಟುತ್ತಾ ಮಗ್ಗದ ಸುತ್ತ ಓಡಾಡುತ್ತಾರೆ, ತಾಸಿಗೊಮ್ಮೆ ಕೂರಬೇಕು.

ಹೋದ ವಾರ ತೇರದಾಳ ಕಡೆಯಿಂದ ಒಬ್ಬ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಮಗ ಸೈಕಲ್ ಮೇಲೆ ಹೊಲಕ್ಕೆ ಹೋಗುವಾಗ ಯಾವುದೋ ಗಾಡಿ ಗುದ್ದಿ ತೀರಿಕೊಂಡಿದ್ದಾನೆ. ನನ್ನ ಫೈಲು ಪೂರ್ತಿ ಅವರ ಮುಂದೆ ಹರಡಿ ಒಂದೊಂದೇ ಕಾಗದ ತೋರಿಸಿದೆ. ಅವರ ಹತ್ತಿರ ಎಫ್‌ಐಆರ್ ಇದೆ, ಪೋಸ್ಟ್‌ಮಾರ್ಟಂ ವರದಿ ಇನ್ನೂ ಕೈಗೆ ಬಂದಿಲ್ಲ, ವಂಶಾವಳಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಾರೆ. ಎಫ್‌ಐಆರ್ ಅನ್ನು ಮಗಳ ಕೈಗೆ ಕೊಟ್ಟು ಓದಿಸಿದೆ. "ಅಪರಿಚಿತ ವಾಹನ" ಎಂದೇ ಇದೆ. ಸೋಮವಾರ ಅವರ ಜೊತೆ ಸ್ಟೇಷನ್ನಿಗೆ ಹೋಗುತ್ತಿದ್ದೇನೆ.