80 ಎಂಬಿ ಸಿಗದೆ ನಿಂತ ಆರ್: ದ್ರಾಕ್ಷಿ ತೋಟದ ಲೆಕ್ಕದಲ್ಲಿ ನನ್ನ ಅನುಭವ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ 20 ಸೆನ್ಸರ್ ಹಾಕಿದ್ದೆವು. ಬಿಸಿ, ತೇವ, ಎಲೆ ಒದ್ದೆ ಇದೆಯೋ ಇಲ್ಲವೋ, ಎಲ್ಲವನ್ನೂ ನಿಮಿಷಕ್ಕೊಮ್ಮೆ ಬರೆದಿಡುತ್ತವೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಆದ ಮೇಲೆ ಎಲೆ ಜಾಸ್ತಿ ಹೊತ್ತು ಆರದಿದ್ದರೆ ಡೌನಿ ಎಂಬ ಬೂಜು ರೋಗದ ಭಯ. ಯಾವ ರಾತ್ರಿ ಎಷ್ಟು ಗಂಟೆ ಒದ್ದೆ ಇತ್ತು ಎಂದು ಗೊತ್ತಾದರೆ ಎಣ್ಣೆ (ಔಷಧಿ) ಹೊಡೆಯುವ ದಿನ ನಿಶ್ಚಯ ಮಾಡಬಹುದು. ರೈತರು ನನ್ನನ್ನು ಕೇಳಿದ್ದು ಅಷ್ಟೇ. ಆ ಲೆಕ್ಕಕ್ಕೆ ನಾನು ಹಿಡಿದದ್ದು ಆರ್, ಅಂಕಿಅಂಶಗಳ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ.

ಒಂದು ಸೆನ್ಸರ್‌ಗೆ ವರ್ಷಕ್ಕೆ 5,25,600 ಸಾಲು. ಇಪ್ಪತ್ತಕ್ಕೆ 1,05,12,000. ಒಟ್ಟು 24 ಕಾಲಂ. ವಿಜಯಪುರದ ನನ್ನ ಮನೆಯಲ್ಲಿದ್ದದ್ದು 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಫೈಲ್‌ಗಳನ್ನು ಆರ್‌ಗೆ ಹಾಕಿ, ಜೋಡಿಸಿ, ಒಂದು ಹೊಸ ಕಾಲಂ ಸೇರಿಸಲು ಹೋದೆ. 'ಕೆನಾಟ್ ಅಲೊಕೇಟ್ ವೆಕ್ಟರ್ ಆಫ್ ಸೈಜ್ 80.2 ಎಂಬಿ' ಎಂದು ನಿಂತುಬಿಟ್ಟಿತು. ಅಂದರೆ 80.2 ಎಂಬಿ ಜಾಗ ಸಿಗುತ್ತಿಲ್ಲ ಎಂದು.

8 ಜಿಬಿ ಇರುವಲ್ಲಿ 80 ಎಂಬಿ ಇಲ್ವಾ? ಎರಡು ದಿನ ಇದರಲ್ಲೇ ಕಳೆದೆ. ಮೆಮೊರಿ ಲಿಮಿಟ್ ಏರಿಸುವ ಹಳೇ ಆಜ್ಞೆಯನ್ನೂ ಹಾಕಿ ನೋಡಿದೆ. 2022ರಲ್ಲಿ ಬಂದ ಆರ್ 4.2.0 ನಂತರ ಅದು ಕೆಲಸವನ್ನೇ ಮಾಡುವುದಿಲ್ಲ.

ಕೊನೆಗೆ ಕಾಗದದ ಮೇಲೆ ಲೆಕ್ಕ ಹಾಕಿದೆ. ದಶಮಾಂಶದ ಪ್ರತಿ ಸಂಖ್ಯೆಗೆ ಆರ್ 8 ಬೈಟ್ ಹಿಡಿಯುತ್ತದೆ. ಒಂದು ಕೋಟಿ ಐದು ಲಕ್ಷ ಸಾಲಿನ ಒಂದೇ ಕಾಲಂ ಎಂದರೆ ಸರಿಯಾಗಿ ಆ 80.2 ಎಂಬಿ! ಅಂದರೆ ಅದು ಒಟ್ಟು ಬೇಕಾದ ಜಾಗವಲ್ಲ, ಕೊನೆಯಲ್ಲಿ ಕೇಳಿದ ತುತ್ತು. ಹೊಟ್ಟೆ ಅದಕ್ಕೂ ಮೊದಲೇ ತುಂಬಿತ್ತು.

ತುಂಬಿಸಿದ್ದು ಯಾರು? 24 ಕಾಲಂ ಎಂದರೆ ಸುಮಾರು 2 ಜಿಬಿ. ಜೋಡಿಸುವ ಮುಂಚಿನ ಇಪ್ಪತ್ತು ತುಂಡುಗಳು ಹಾಗೇ ಉಳಿದಿದ್ದವು, ಇನ್ನೊಂದು 2 ಜಿಬಿ. ಸ್ವಚ್ಛ ಮಾಡಿದ್ದನ್ನು ಬೇರೆ ಹೆಸರಲ್ಲಿ ಇಟ್ಟಿದ್ದೆ, ಮತ್ತೆ 2. ಅಲ್ಲಿಗೆ 6 ಜಿಬಿ, ಉಳಿದ ಜಾಗದಲ್ಲಿ ಲ್ಯಾಪ್‌ಟಾಪ್‌ನ ಬೇರೆ ಕೆಲಸಗಳೂ ನಡೆಯಬೇಕು. ಬೇಡದ ಮೆಮೊರಿ ಬಿಡಿಸುವ ಆಜ್ಞೆ ಜಿಸಿ ಎಂದು ಎಷ್ಟು ಸಲ ಟೈಪ್ ಮಾಡಿದರೂ ಹೆಸರಿರುವ ವಸ್ತುವನ್ನು ಆರ್ ಬಿಡುವುದಿಲ್ಲ. ಮೊದಲು ಆರ್‌ಎಂ ಹಾಕಿ ಹೆಸರು ತೆಗೆಯಬೇಕು. ಇನ್ನೊಂದು ವಿಷಯ ತಿಳಿಯಲು ತಡವಾಯಿತು: ಬಂದ್ ಮಾಡುವಾಗ ವರ್ಕ್‌ಸ್ಪೇಸ್ (ಆಗ ಆರ್‌ನಲ್ಲಿದ್ದ ವಸ್ತುಗಳೆಲ್ಲ) ಸೇವ್ ಮಾಡಿದ್ದೆ. ಪ್ರತಿ ಬೆಳಿಗ್ಗೆ ಹಳೇ ವಸ್ತುಗಳೆಲ್ಲ ವಾಪಸ್ ಬಂದು ಕೂರುತ್ತಿದ್ದವು. ನಾನು ಆರ್ ನಡೆಸುವ ಆರ್‌ಸ್ಟುಡಿಯೋ ತಂತ್ರಾಂಶದ ಗ್ಲೋಬಲ್ ಆಪ್ಷನ್ಸ್‌ನಲ್ಲಿ, ಹಳೇ ವರ್ಕ್‌ಸ್ಪೇಸ್ ವಾಪಸ್ ತರುವ ಗುರುತು ತೆಗೆದೆ. ನೀವೂ ಇವತ್ತೇ ತೆಗೆಯಿರಿ.

ಆಮೇಲೆ ದಾರಿಯನ್ನೇ ಬದಲಿಸಿದೆ. ನನಗೆ ಬೇಕಿದ್ದದ್ದು ಐದೇ ಕಾಲಂ. ಡೇಟಾ.ಟೇಬಲ್ ಎಂಬ ಆರ್ ಪ್ಯಾಕೇಜಿನಲ್ಲಿ ಫೈಲ್ ಓದುವ ಆಜ್ಞೆ ಎಫ್‌ರೀಡ್. ಅದಕ್ಕೆ 'ಸೆಲೆಕ್ಟ್' ಎಂದು ಬೇಕಾದ ಕಾಲಂ ಹೆಸರು ಕೊಟ್ಟರೆ ಉಳಿದವು ಒಳಗೇ ಬರುವುದಿಲ್ಲ. ಸೆನ್ಸರ್ ಕೆಟ್ಟಾಗ ಬರೆದ '--' ಗುರುತಿನಿಂದ ಇಡೀ ಕಾಲಂ ಅಕ್ಷರವಾಗುತ್ತಿತ್ತು. ಅದನ್ನು ಖಾಲಿ ಎಂದು ಓದಲು ಮೊದಲೇ ಹೇಳಿದೆ. ಮುಖ್ಯವಾದದ್ದು, ಎಲ್ಲವನ್ನೂ ಒಟ್ಟಿಗೆ ತರಲೇ ಇಲ್ಲ. ಒಂದು ಸೆನ್ಸರ್‌ನ ಫೈಲ್ ಓದು, ಗಂಟೆಯ ಲೆಕ್ಕಕ್ಕೆ ಇಳಿಸು, ಮೂಲವನ್ನು ಬಿಡು, ಮುಂದಿನದಕ್ಕೆ ಹೋಗು. ಕೊನೆಗೆ ಕೈಯಲ್ಲಿ ಉಳಿದದ್ದು 1,75,200 ಸಾಲು.

ರ‍್ಯಾಮ್ ಹಾಕಿಸು ಎಂದು ಸ್ನೇಹಿತರು ಹೇಳಿದ್ದರು. ನಿಮಿಷದ ಅಂಕಿಗಳೆಲ್ಲ ಒಟ್ಟಿಗೆ ಬೇಕೇ ಬೇಕು ಎನ್ನುವವರಿಗೆ ಅದು, ಇಲ್ಲವೇ ಎಲ್ಲವನ್ನೂ ಮೆಮೊರಿಗೆ ತಾರದೆ ಲೆಕ್ಕ ಮಾಡಿಸುವ ಪಾರ್ಕೆ ಫೈಲ್ ಮತ್ತು ಡಕ್‌ಡಿಬಿ ದಾರಿ. ಎಲೆ ಒದ್ದೆಯ ಲೆಕ್ಕಕ್ಕೆ ಗಂಟೆ ಸಾಕು. ಆ ಸಂಜೆಯೇ ಒದ್ದೆ ರಾತ್ರಿಗಳ ಪಟ್ಟಿಯನ್ನು ತೋಟಕ್ಕೊಂದರಂತೆ ರೈತರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ.