ಲಿಮಿಟ್ ಪೋಕರ್ ಕಲಿತು ನೋ-ಲಿಮಿಟ್ ಆಡುವಾಗ: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಜುಲೈ ಮಳೆ ಹಿಡಿದರೆ ತೋಟದ ಕೆಲಸ ಹೆಚ್ಚಿರುವುದಿಲ್ಲ. ಸಂಜೆ ನಾವು ನಾಲ್ಕೈದು ಗೆಳೆಯರು ಪೋಕರ್‌ಗೆ ಕೂರುತ್ತೇವೆ. ದುಡ್ಡಿಗಲ್ಲ, ಬರೀ ಚಿಪ್ಸ್‌ಗೆ. ನಾನು ಕಲಿತದ್ದು ಲಿಮಿಟ್ ಹೋಲ್ಡೆಮ್: ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು ಎಲೆ, ಪ್ರತಿ ಸಲ ಹಾಕುವ ಬೆಟ್ (ಪಣ) ಇಷ್ಟೇ ಅಂತ ನಿಗದಿ. ಈಗ ಆಡುವುದೆಲ್ಲ ನೋ-ಲಿಮಿಟ್, ಅಲ್ಲಿ ಮುಂದಿರುವ ಚಿಪ್ಸ್ ಪೂರ್ತಿಯಾಗಿಯೂ ಹಾಕಬಹುದು. ಹಳೆಯ ಆಟದ ಲೆಕ್ಕ ಇಲ್ಲಿ ನಡೆಯುತ್ತಾ ಅಂತ ನೋಡಲು, ಎಲೆ ತೆರೆದಿಟ್ಟುಕೊಂಡು ಒಂದೇ ಕೈಯನ್ನು ಎರಡೂ ರೀತಿಯಲ್ಲಿ ಆಡಿ ನೋಡಿದೆವು.

ಒಂದು ಕೈ ಹೇಳುತ್ತೇನೆ. ನನ್ನ ಹತ್ತಿರ ಆಟೀನ್ ರಾಜ, ಆಟೀನ್ ಎಂಟು. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆ) ಆಟೀನ್ ಎಕ್ಕ, ಆಟೀನ್ ಐದು, ಕಳಾವರ್ ಎರಡು. ಇನ್ನೊಂದು ಆಟೀನ್ ಬಂದರೆ ಫ್ಲಶ್, ಅಂದರೆ ಐದೂ ಆಟೀನ್. ಕಾಣದ 47 ಎಲೆಗಳಲ್ಲಿ 9 ಆಟೀನ್ ಇವೆ. ಮುಂದಿನ ಎಲೆಗೇ ಬರುವ ಸಾಧ್ಯತೆ 19%, ಅಂದರೆ ಹೆಚ್ಚುಕಮ್ಮಿ ಐದಕ್ಕೆ ಒಂದು.

ಪಾಟ್‌ನಲ್ಲಿ (ಮಧ್ಯದ ರಾಶಿಯಲ್ಲಿ) 60 ಚಿಪ್ಸ್ ಇದೆ. ಲಿಮಿಟ್‌ನಲ್ಲಿ ಎದುರಿನವರು ಹಾಕಲು ಆಗುವುದು 10 ಮಾತ್ರ. 10 ಕೊಟ್ಟರೆ 70 ಸಿಗುವ ಹಾಗಿದೆ, ಕಣ್ಣುಮುಚ್ಚಿ ಕಾಲ್ ಮಾಡಬಹುದು (ಅಷ್ಟೇ ಹಾಕಿ ಆಟದಲ್ಲಿ ಉಳಿಯಬಹುದು). ನೋ-ಲಿಮಿಟ್‌ನಲ್ಲಿ ಅವರು 60 ಹಾಕಿದರು ಅನ್ನಿ. ಈಗ 120 ಗೆಲ್ಲಲು 60 ಕೊಡಬೇಕು. ಮೂರಕ್ಕೆ ಒಂದು ಸಲ ಗೆದ್ದರೆ ಮಾತ್ರ ಗಿಟ್ಟುತ್ತದೆ.

“ಇನ್ನೂ ಎರಡು ಎಲೆ ಬರೋದಿದೆ ಮಾರಾಯ, 35% ಇದೆ ಅಲ್ವಾ?” ಅಂತ ಗೆಳೆಯ ಕೇಳಿದ. ನಿಜ, ಆದರೆ ಎರಡನೇ ಎಲೆ ನೋಡಲು ಟರ್ನ್‌ನಲ್ಲಿ (ನಾಲ್ಕನೇ ಎಲೆ ಬಂದಾಗ) ಮತ್ತೆ ಕೊಡಬೇಕಾಗಬಹುದು. ಫ್ಲಾಪ್‌ನಲ್ಲೇ ಯಾರದಾದರೂ ಚಿಪ್ಸ್ ಪೂರ್ತಿ ಒಳಗೆ ಹೋಗಿದ್ದರೆ ಮತ್ತೆ ಕೊಡುವುದಿರುವುದಿಲ್ಲ, ಆಗ 35% ಲೆಕ್ಕ ಸರಿ. ಇಲ್ಲದಿದ್ದರೆ ನಾನು 19% ಅಂತಲೇ ಹಿಡಿಯುತ್ತೇನೆ. ಆಗ ಫ್ಲಶ್ ಆದ ಮೇಲೆ ಎದುರಿನವರಿಂದ ಸರಾಸರಿ ಇನ್ನೂ 133ರಷ್ಟು ಬಂದರೇ ಈ ಕಾಲ್ ಸರಿಹೋಗುವುದು. ಅಷ್ಟು ಅವರ ಮುಂದೆ ಇದೆಯಾ? ಮೂರು ಆಟೀನ್ ಕಂಡ ಮೇಲೂ ಕೊಡುವ ಮನುಷ್ಯನಾ? ಈ ಎರಡು ಪ್ರಶ್ನೆ ಲಿಮಿಟ್‌ನಲ್ಲಿ ನನಗೆ ಇಷ್ಟು ಮುಖ್ಯವಾಗಿರಲೇ ಇಲ್ಲ.

ರಿವರ್, ಅಂದರೆ ಕೊನೆಯ ಐದನೇ ಎಲೆ, ಇನ್ನೂ ಬೇರೆ. ಲಿಮಿಟ್‌ನಲ್ಲಿ 160ರ ಪಾಟ್‌ಗೆ 20ರ ಬೆಟ್ ಬಂದರೆ ಹತ್ತಕ್ಕೊಂದು ಸಲ ಗೆದ್ದರೂ ನಷ್ಟವಿಲ್ಲ. ಅದಕ್ಕೇ ಸಾಧಾರಣ ಜೋಡಿ ಇದ್ದರೂ ಕಾಲ್ ಮಾಡುವುದು ರೂಢಿ. ನೋ-ಲಿಮಿಟ್‌ಗೆ ಬರುವವರು ಮೊದಲು ಬಿಡಬೇಕಾದ ರೂಢಿ ಇದೇ ಅಂತ ನನಗೆ ಖಾತ್ರಿ, ಯಾಕೆಂದರೆ ಅಲ್ಲಿ ಬೆಟ್ ಬಹಳ ದೊಡ್ಡದಾಗಬಹುದು.

ಹಾಗಂತ ಲಿಮಿಟ್ ಕಲಿತದ್ದು ವ್ಯರ್ಥ ಅಲ್ಲ. ಕೆಟ್ಟ ಎಲೆಯನ್ನು ಮೊದಲೇ ಬಿಡುವುದು, ಕೊನೆಯಲ್ಲಿ ಮಾತಾಡುವ ಜಾಗದ ಬೆಲೆ, ಎಲೆ ಎಣಿಸುವ ಅಭ್ಯಾಸ ಎಲ್ಲವೂ ಹಾಗೇ ಬಂದವು. ಕಂಪ್ಯೂಟರ್‌ಗಳಿಗೂ ನೋ-ಲಿಮಿಟ್ಟೇ ಹೆಚ್ಚು ಕಷ್ಟವಾಯಿತು. ಇಬ್ಬರ ಲಿಮಿಟ್ ಆಟವನ್ನು ಬಹುಮಟ್ಟಿಗೆ ಬಿಡಿಸಿದ್ದೇವೆ ಎಂದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲೇ ಪ್ರಕಟಿಸಿದರು. ಇಬ್ಬರ ನೋ-ಲಿಮಿಟ್‌ನಲ್ಲಿ 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿ ಆಟಗಾರರನ್ನು ಸೋಲಿಸಿತು ನಿಜ, ಆದರೆ ಆ ಆಟ ಹಾಗೆ ಪೂರ್ತಿ ಬಿಡಿಸಿದಂತಾಗಲಿಲ್ಲ.

ಚಿಕ್ಕ ಜೋಡಿಗಳ ವಿಷಯದಲ್ಲಿ ಮಾತ್ರ ಲೆಕ್ಕ ನಮ್ಮ ಕಡೆಗೆ ತಿರುಗುತ್ತದೆ. ಕೈಯಲ್ಲಿ ನಾಲ್ಕರ ಜೋಡಿ ಇದ್ದರೆ ಫ್ಲಾಪ್‌ನಲ್ಲಿ ಮೂರನೇ ನಾಲ್ಕು ಸಿಗುವುದು 8-9 ಸಲಕ್ಕೊಮ್ಮೆ. ಲಿಮಿಟ್‌ನಲ್ಲಿ ಒಬ್ಬರೇ ಎದುರಿಗಿದ್ದು ರೈಸ್ ಮಾಡಿದರೆ (ಬೆಟ್ ಏರಿಸಿದರೆ) ನಾನು ಬಹಳ ಸಲ ಬಿಟ್ಟುಬಿಡುತ್ತಿದ್ದೆ. ಈಗ ಇಬ್ಬರ ಮುಂದೆಯೂ ಆ ರೈಸ್‌ನ ಹದಿನೈದು ಪಟ್ಟು ಚಿಪ್ಸ್ ಇದ್ದರೆ ಫ್ಲಾಪ್ ನೋಡುತ್ತೇನೆ, ನಾಲ್ಕು ಬಂದರೆ ಅಷ್ಟೂ ಗೆಲ್ಲುವ ಅವಕಾಶ ಇದೆಯಲ್ಲ. ನಾಲ್ಕು ಬರಲಿಲ್ಲ, ಎದುರಿನವರು ಬೆಟ್ ಹಾಕಿದರು ಅಂದರೆ ಅಲ್ಲಿಗೇ ಫೋಲ್ಡ್.